ಕತೆ ಪುಸ್ತಕದಲ್ಲಿ ಏನುಂಟು?

ಮೇ ತಿಂಗಳ ಕೊನೆಯ ವಾರ. ಶಾಲೆ ಸುರುವಾಗುವ ಮೊದಲಿನ ಗಡಿಬಿಡಿ. ಪುತ್ತೂರಿನ ಒಂದು ಪುಸ್ತಕದ ಅಂಗಡಿಯಲ್ಲಿ ನೋಟ್‌ಪುಸ್ತಕ, ಬೈಂಡು ಹಾಕುವ ಕಾಗದ, ಕೊಡೆ, ಚೀಲಗಳ ನಡುವೆ ನಾನೂ ಒಂದು ರೀಫಿಲ್ಲಿಗಾಗಿ ಕಾದು ನಿಂತಿದ್ದೆ. ನನ್ನ ಮುಂದೆ ಒಬ್ಬರು ತಾಯಿ, ಅವರ ಜತೆ ಆರನೆಯದೋ ಏಳನೆಯದೋ ಕ್ಲಾಸಿನ ಹುಡುಗ. ಅಮ್ಮ ಪಟ್ಟಿ ಹಿಡಿದು ಒಂದೊಂದೇ ಸಾಮಾನು ಹೇಳಿಸುತ್ತಿರುವಾಗ ಹುಡುಗ ಮೂಲೆಯ ಕಪಾಟಿನಿಂದ ತೆಳ್ಳಗಿನದೊಂದು ಕಾದಂಬರಿಯನ್ನು ಎಳೆದು, ನಿಂತಲ್ಲೇ ಮೂರು ನಾಲ್ಕು ಪುಟ ಓದಿಬಿಟ್ಟಿದ್ದ. ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ ಬಂದು ಕೇಳಿದ:

"ಅಮ್ಮ, ಇದೊಂದು."

"ಅದರಲ್ಲಿ ಏನುಂಟು?"

"ಕತೆ."

"ಕತೆ ಪುಸ್ತಕ ಯಾಕೆ ಮಗ ಈಗ? ಜನರಲ್ ನಾಲೆಡ್ಜಿಂದು ಯಾವುದಾದರೂ ತೆಗೆ. ಉಪಯೋಗಕ್ಕಾದರೂ ಬರ್ತದೆ."

ಹುಡುಗ ಹಟ ಮಾಡಲಿಲ್ಲ. ಹಟ ಮಾಡಿದ್ದರೆ ನಾನಿದನ್ನು ಮರೆತೇ ಬಿಡುತ್ತಿದ್ದೆನೋ ಏನೋ. ಸುಮ್ಮನೆ ಹೋಗಿ ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟು ಬಂದ.

ಆ ತಾಯಿಯನ್ನು ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅವರು ಹಣಕ್ಕೆ ಹಿಂದೆಮುಂದೆ ನೋಡಿದವರಲ್ಲ. ಕೊನೆಗೆ ಕೊಂಡ ಪ್ರಶ್ನೋತ್ತರದ ದಪ್ಪ ಪುಸ್ತಕಕ್ಕೆ ಆ ಕಾದಂಬರಿಗಿಂತ ಹೆಚ್ಚೇ ಕ್ರಯ ಇತ್ತು. ಮಕ್ಕಳ ಓದಿಗೆ ಎಂದರೆ ನಮ್ಮ ಕಡೆಯ ಹೆತ್ತವರು ಅಡಿಕೆ ಮಾರಿದ ಹಣವನ್ನು ಎಣಿಸದೆ ತೆಗೆದು ಕೊಡುವವರು. ಅಲ್ಲದೆ ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಬಟ್ಟೆ ಕೊಳ್ಳುವಾಗ ಬಣ್ಣ ಹೋಗುತ್ತದೆಯೇ ಎಂದು ಕೇಳುವ ನಾವು ಪುಸ್ತಕ ಕೊಳ್ಳುವಾಗ ಅದರಲ್ಲಿ ಏನುಂಟು ಎಂದು ಕೇಳಬಾರದೇ? ಕೇಳಬೇಕು. ಆದರೆ ಆ ಹುಡುಗ ಕೊಟ್ಟ ಉತ್ತರ ಯಾಕೆ ಸಾಲಲಿಲ್ಲ ಎಂಬುದೇ ಅಂದಿನಿಂದ ನನ್ನನ್ನು ಕೊರೆಯುತ್ತಿದೆ.

ಇದಕ್ಕೆ ಉತ್ತರ ಹುಡುಕಲು ಆ ಅಂಗಡಿಯಿಂದ ಬಹಳ ದೂರ ಹೋಗಬೇಕಾಗಿಲ್ಲ. ಪರ್ಲಡ್ಕದ ಬಾಲವನದವರೆಗೆ ಹೋದರೆ ಸಾಕು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಆಯುಷ್ಯದ ದೊಡ್ಡದೊಂದು ಪಾಲನ್ನು ಕಳೆದದ್ದು ಪುತ್ತೂರಿನಲ್ಲಿ. 'ಚೋಮನ ದುಡಿ' ಬಂದದ್ದು 1933ರಲ್ಲಿ. ಅಂಥ ಕಾದಂಬರಿ ಬರೆದ ಕೈ ಮೂರೇ ವರ್ಷಗಳಲ್ಲಿ, 1936ರಲ್ಲಿ, ಮಕ್ಕಳಿಗಾಗಿ 'ಬಾಲಪ್ರಪಂಚ'ವನ್ನು ಕೊಟ್ಟಿತು. ಮೂರು ಸಂಪುಟಗಳ ಮಕ್ಕಳ ವಿಶ್ವಕೋಶ. ಭೂಮಿ, ಆಕಾಶ, ಪ್ರಾಣಿ, ಯಂತ್ರ, ದೇಶವಿದೇಶ ಎಲ್ಲವನ್ನೂ ಒಬ್ಬರೇ ಕುಳಿತು ಬರೆದದ್ದು. ಇಂದು ಇಂಥ ಕೆಲಸಕ್ಕೆ ಒಂದು ಮಂಡಳಿ, ಅದಕ್ಕೊಂದು ಉಪಮಂಡಳಿ, ಅವರ ಭತ್ತೆ ಎಂದೆಲ್ಲ ಆಗುತ್ತದೆ. ಇರಲಿ.

ಅಂಗಡಿಯಲ್ಲಿ ಕಂಡ ತಾಯಿಗೆ 'ಬಾಲಪ್ರಪಂಚ' ಖಂಡಿತ ಒಪ್ಪಿಗೆಯಾಗುತ್ತಿತ್ತು. ಅದು ಜನರಲ್ ನಾಲೆಡ್ಜೇ ತಾನೆ? ಆದರೆ ಅದೇ ಕಾರಂತರು 'ಢಂ ಢಂ ಢೋಲು' ಎಂದು ಮಕ್ಕಳಿಗೆ ಬರೆದರು, 'ಮರಿಯಪ್ಪನ ಸಾಹಸಗಳು' ಎಂದೂ ಬರೆದರು. ಅವುಗಳಲ್ಲಿ ಪರೀಕ್ಷೆಗೆ ಬರುವಂಥದ್ದು ಏನೂ ಇಲ್ಲ. ಮಕ್ಕಳನ್ನು ಕುಣಿಸಿದರು, ನಾಟಕ ಆಡಿಸಿದರು. ತಮ್ಮ ಪುಸ್ತಕಗಳಿಗೆ ಚಿತ್ರಗಳನ್ನೂ ತಾವೇ ಬರೆದರು. ಒಂದು ಕೈಯಲ್ಲಿ ತಿಳಿವಳಿಕೆ, ಇನ್ನೊಂದು ಕೈಯಲ್ಲಿ ಗಮ್ಮತ್ತು ಎಂಬ ವಿಂಗಡಣೆಯೇ ಅವರಲ್ಲಿ ಇದ್ದಂತೆ ಕಾಣುವುದಿಲ್ಲ. ಮಗುವಿಗೆ ಎರಡೂ ಬೇಕು, ಎರಡನ್ನೂ ಒಬ್ಬನೇ ಕೊಡಬಹುದು ಎಂದು ಮಾಡಿ ತೋರಿಸಿದ ಜಾಗ ಬಾಲವನ. ಶಾಲಾ ಪ್ರವಾಸದಲ್ಲಿ ಬಂದ ಮಕ್ಕಳು ಅಲ್ಲಿ ಅವರ ಮನೆ ನೋಡಿ, ಮರದಡಿಯಲ್ಲಿ ಬುತ್ತಿ ಬಿಚ್ಚಿ ಉಂಡು ಹೋಗುತ್ತಾರೆ. ಒಳ್ಳೆಯದೇ. ಜತೆಗೆ ಅವರ ಒಂದು ಮಕ್ಕಳ ಪುಸ್ತಕವನ್ನಾದರೂ ಅಲ್ಲಿಯೇ ಕೂತು ಗಟ್ಟಿಯಾಗಿ ಓದಿಸಿದರೆ ಮಾಷ್ಟ್ರುಗಳಿಗೆ ಹೆಚ್ಚಿನ ಶ್ರಮವೇನೂ ಆಗಲಿಕ್ಕಿಲ್ಲ.

ಕಾರಂತರಿಗೂ ಮೊದಲು ಪಂಜೆ ಮಂಗೇಶರಾಯರು ಇದ್ದರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದವರು. ಶಾಲೆಗಳ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದವರು. ಇನ್ಸ್‌ಪೆಕ್ಟರರು ಬರುತ್ತಾರೆಂದರೆ ಮಕ್ಕಳಿಗಿಂತ ಮಾಷ್ಟ್ರುಗಳೇ ನಡುಗುವ ಆ ಕಾಲದಲ್ಲಿ ಇವರು ಮಕ್ಕಳಿಗೆ ಪದ್ಯ, ಕತೆ ಕಟ್ಟಿಕೊಟ್ಟರು. ಪಾಡ್ದನದಲ್ಲಿದ್ದ ಕೋಟಿ ಚೆನ್ನಯರ ಕತೆಯನ್ನು ಕನ್ನಡ ಗದ್ಯಕ್ಕೆ ತಂದು ಪುಸ್ತಕ ಮಾಡಿದವರೂ ಅವರೇ. ಆ ಕತೆಯ ಪಡುಮಲೆ, ಪಂಜ, ಎಣ್ಮೂರು ಎಲ್ಲ ಎಲ್ಲಿವೆ? ಪುತ್ತೂರು, ಸುಳ್ಯ, ಕಡಬ ಎಂಬ ನಮ್ಮ ಈ ಮೂರು ತಾಲೂಕುಗಳ ಒಳಗೇ. ಶಾಲೆಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ಕಾಣುವ ಊರಿನ ಹೆಸರು ಕತೆ ಪುಸ್ತಕದಲ್ಲಿಯೂ ಬಂದರೆ ಒಂದು ಮಗುವಿಗೆ ಏನಾಗುತ್ತದೆ ಎಂಬುದನ್ನು ನೋಡಿದವರೇ ಬಲ್ಲರು.

ಹಳೆಯದು ಸಾಕು, ಈಗಿನದಕ್ಕೆ ಬರೋಣ. ಮೊದಲು ಚಿತ್ರಪುಸ್ತಕ.

ನಮ್ಮ ಕಡೆಯ ಒಂದನೇ ಕ್ಲಾಸಿನ ಬೆಂಚು ಎಂದರೆ ಸಣ್ಣದೊಂದು ಸಂತೆ. ಒಬ್ಬಳ ಮನೆಮಾತು ತುಳು, ಪಕ್ಕದವನದ್ದು ಅರೆಭಾಷೆ, ಆಚೆಯವನದ್ದು ಬ್ಯಾರಿ, ಹಿಂದಿನ ಬೆಂಚಿನಲ್ಲಿ ಹವ್ಯಕ, ಕೊಂಕಣಿ, ಮಲೆಯಾಳ. ಶಾಲೆಯ ಕನ್ನಡ ಹೆಚ್ಚಿನವರಿಗೆ ಎರಡನೆಯ ಭಾಷೆ. 'ಬೆಕ್ಕು' ಎಂದು ಬರೆದದ್ದನ್ನು ಓದಿದ ಕೂಡಲೇ ಬೆಕ್ಕು ಅವರ ಕಣ್ಣ ಮುಂದೆ ಬರುವುದಿಲ್ಲ. ಆದರೆ ಪುಟದ ತುಂಬ ಬೆಕ್ಕಿನ ಚಿತ್ರವಿದ್ದರೆ ತುಳುವಿನ ಮಗು 'ಪುಚ್ಚೆ' ಎನ್ನುತ್ತದೆ, ಮಲೆಯಾಳದ್ದು 'ಪೂಚ್ಚ' ಎನ್ನುತ್ತದೆ, ಕೊಂಕಣಿಯದ್ದು 'ಮಾಜರ್' ಎನ್ನುತ್ತದೆ. ಆಮೇಲೆ ಕೆಳಗಿನ ಅಕ್ಷರಕ್ಕೆ ಬರುತ್ತದೆ. ಚಿತ್ರವು ಮಗುವಿಗೆ ಮನೆಯಿಂದ ಶಾಲೆಗೆ ಹಾಕಿದ ಕಾಲುಸಂಕ. ನಮ್ಮ ಊರಿಗೆ ಚಿತ್ರಪುಸ್ತಕ ಸೊಗಸಿನ ವಸ್ತು ಅಲ್ಲ, ಅಗತ್ಯದ್ದು.

ಈಗ ಕನ್ನಡದಲ್ಲಿ ಚಿತ್ರಪುಸ್ತಕಗಳಿಗೆ ಬರಗಾಲವಿಲ್ಲ. ನ್ಯಾಶನಲ್ ಬುಕ್ ಟ್ರಸ್ಟಿನ ಪುಸ್ತಕಗಳು ಹಿಂದಿನಿಂದಲೂ ಇವೆ. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಕಡಿಮೆ ಕ್ರಯದಲ್ಲಿ, ಹಲವು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ತಂದಿತು. 2015ರಲ್ಲಿ 'ಸ್ಟೋರಿವೀವರ್' ಎಂಬ ತಾಣದಲ್ಲಿ ಅವನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ, ಅಚ್ಚು ಹಾಕಿಕೊಳ್ಳುವಂತೆಯೂ ಮಾಡಿತು. ಅಲ್ಲಿ ಪುಸ್ತಕಗಳನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದಾರೆ. ಮೊದಲ ಹಂತದಲ್ಲಿ ಪುಟಕ್ಕೆ ಒಂದೆರಡು ಸಾಲು, ನಾಲ್ಕನೆಯದಕ್ಕೆ ಬರುವಾಗ ಪೂರ್ತಿ ಕತೆ. ಕ್ಲಾಸನ್ನು ನೋಡಿ ಹಂತ ಆರಿಸಬೇಡಿ. ಐದನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಡವರಿಸುವುದಾದರೆ ಎರಡನೇ ಹಂತದಿಂದಲೇ ಸುರುಮಾಡಿದರೆ ಮರ್ಯಾದೆಯೇನೂ ಹೋಗುವುದಿಲ್ಲ.

ಇವುಗಳೆಲ್ಲ ಒಳ್ಳೆಯವೇ ಎಂದು ಕೇಳಿದರೆ, ಅಲ್ಲ. ಕಡಬದ ಆಚೆಯ ಒಂದು ಶಾಲೆಯಲ್ಲಿ ಒಮ್ಮೆ ಒಂದು ಚಿತ್ರಪುಸ್ತಕವನ್ನು ಮಕ್ಕಳ ಮುಂದೆ ಹಿಡಿದು ಓದುತ್ತಿದ್ದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಸರ್, ಅಡಿಕೆ ಗೊನೆ ಸೋಗೆಯ ಮೇಲೆ ಉಂಟು" ಎಂದಳು. ನೋಡಿದೆ. ಹೌದು, ಚಿತ್ರಗಾರರು ಗೊನೆಯನ್ನು ಮರದ ನೆತ್ತಿಯಲ್ಲಿ, ಎಲೆಗಳ ನಡುವೆ ಹೂಗುಚ್ಛದ ಹಾಗೆ ಕೂರಿಸಿದ್ದರು. ಹಾಳೆ ಕಳಚಿ ಬಿದ್ದ ಮೇಲೆ ಅದರ ಬುಡದಲ್ಲಿ ಹಿಂಗಾರ ಬಿಚ್ಚುತ್ತದೆ, ಗೊನೆ ಸೋಗೆಗಳ ಕೆಳಗೆ ಜೋತಾಡುತ್ತದೆ ಎಂಬುದು ತೋಟದಲ್ಲಿ ಆಡುವ ಆ ಹುಡುಗಿಗೆ ಗೊತ್ತು, ಚಿತ್ರ ಬರೆದವರಿಗೆ ಗೊತ್ತಿಲ್ಲ. ಇಡೀ ಕ್ಲಾಸು ನಕ್ಕಿತು. ಅಲ್ಲಿಂದ ಮುಂದೆ ಆ ಪುಸ್ತಕದ ಒಂದು ಮಾತನ್ನೂ ಅವರು ನಂಬಲಿಲ್ಲ!

ಇಂಥ ತಪ್ಪಿಗೆ ಅಚ್ಚುಕೂಟದ ಲೆಕ್ಕಾಚಾರವೂ ಒಂದು ಕಾರಣ. ಬಣ್ಣದ ಮುದ್ರಣ ದುಬಾರಿ. ಹಾಗಾಗಿ ಬಣ್ಣದ ಚಿತ್ರಗಳನ್ನು ಎಲ್ಲ ಭಾಷೆಗಳಿಗೂ ಒಟ್ಟಿಗೆ ಅಚ್ಚು ಹಾಕಿ, ಅಕ್ಷರಗಳ ಕಪ್ಪು ಪ್ಲೇಟನ್ನು ಮಾತ್ರ ಭಾಷೆಗೊಂದರಂತೆ ಬದಲಿಸುವುದುಂಟು. ಖರ್ಚು ಹಂಚಿಹೋಗುತ್ತದೆ, ಪುಸ್ತಕ ಅಗ್ಗವಾಗುತ್ತದೆ. ಆದರೆ ಚಿತ್ರದಲ್ಲಿರುವ ಮನೆ, ಮರ, ಮಳೆ ಎಲ್ಲೋ ದೂರದ ಊರಿನದ್ದಾಗಿಯೇ ಉಳಿಯುತ್ತದೆ. ಕನ್ನಡದ್ದೇ ಚಿತ್ರಗಾರರಿಂದ, ಕನ್ನಡದ್ದೇ ಕತೆಗೆ ಬರೆಸಿದ ಪುಸ್ತಕ ಸಿಕ್ಕಿದರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನು ಕೊಳ್ಳಬೇಕು ಎನ್ನುವುದು ಇದಕ್ಕಾಗಿ. ಚಿತ್ರ ಬರೆದವರ ಹೆಸರು ರಕ್ಷಾಪುಟದಲ್ಲಿ ಉಂಟೋ ಇಲ್ಲವೋ ಎಂದೂ ನೋಡಿ. ಒಳಗೆಲ್ಲೋ ಸಣ್ಣ ಅಕ್ಷರದಲ್ಲಿ ಅಡಗಿಸಿದ್ದರೆ, ಆ ಪ್ರಕಾಶಕರು ಚಿತ್ರವನ್ನು ಇನ್ನೂ ಅಲಂಕಾರ ಎಂದೇ ತಿಳಿದಿದ್ದಾರೆ ಎಂದು ಅರ್ಥ.

ಇನ್ನೊಂದು ತಕರಾರು ಕೊನೆಯ ಪುಟದ ಬಗ್ಗೆ. ಕತೆ ಚೆನ್ನಾಗಿಯೇ ಓಡುತ್ತಿರುತ್ತದೆ. ಕೊನೆಗೆ ಒಂದು ಚೌಕದೊಳಗೆ 'ಈ ಕತೆಯಿಂದ ತಿಳಿಯುವುದೇನೆಂದರೆ' ಎಂದು ಹಾಕಿರುತ್ತಾರೆ. ಪಾಯಸ ಕುಡಿಸಿ ಮೇಲಿಂದ ಕಷಾಯ ಕೊಟ್ಟ ಹಾಗೆ. ಮಕ್ಕಳು ಆ ಚೌಕವನ್ನು ಓದುವುದಿಲ್ಲ, ಅದು ಬೇರೆ ಮಾತು. ಕೊಳ್ಳುವ ದೊಡ್ಡವರು ಮೊದಲು ಅದನ್ನೇ ನೋಡುತ್ತಾರೆಂದು ಪ್ರಕಾಶಕರಿಗೆ ಗೊತ್ತು.

ಚಿತ್ರಪುಸ್ತಕ ಓದಿಸುವ ಹೆತ್ತವರಿಗೆ ಒಂದೇ ಕಿವಿಮಾತು: ಪುಟ ತಿರುಗಿಸುವ ಕೆಲಸವನ್ನು ಮಗುವಿಗೇ ಬಿಡಿ. ಬಾಗಿಲು ತಟ್ಟಿದ ಸದ್ದಾಯಿತು ಎಂಬಲ್ಲಿಗೆ ಈ ಪುಟ ಮುಗಿದರೆ, ಬಂದವರು ಯಾರೆಂಬುದು ಮುಂದಿನ ಪುಟದ ಚಿತ್ರದಲ್ಲಿರುತ್ತದೆ. ತಿರುಗಿಸುವ ಆ ಒಂದು ಗಳಿಗೆಯಲ್ಲಿ ಮಗು ತನ್ನದೇ ಒಂದು ಕತೆ ಕಟ್ಟಿರುತ್ತದೆ. ನಾವು ಅವಸರದಲ್ಲಿ ತಿರುಗಿಸಿದರೆ ಅದು ಹೋಯಿತು.

ಇನ್ನು ಕಾದಂಬರಿಯ ವಿಷಯ. ನಿಜವಾದ ತೊಡಕು ಇರುವುದು ಇಲ್ಲಿ. ಆರೇಳು ವರ್ಷದ ಮಗುವಿಗೆ ಚಿತ್ರಪುಸ್ತಕ ಕೊಡಿಸಲು ಯಾರೂ ಬೇಡ ಎನ್ನುವುದಿಲ್ಲ. ಹತ್ತು ಹನ್ನೊಂದು ವರ್ಷವಾಗಿ, ತಾನೇ ಓದಿಕೊಳ್ಳುವ ಶಕ್ತಿ ಬಂದ ಹೊತ್ತಿಗೇ ಸರಿಯಾಗಿ 'ಕತೆ ಸಾಕು' ಎಂಬ ಮಾತು ಬರುತ್ತದೆ. ಸೈಕಲ್ ಬ್ಯಾಲೆನ್ಸ್ ಸಿಕ್ಕಿದ ದಿನವೇ ಸೈಕಲನ್ನು ಅಟ್ಟಕ್ಕೆ ಹಾಕಿದಂತೆ. ನಮ್ಮ ಪ್ರಾಯದವರಿಗೆ ಆ ಕಾಲದಲ್ಲಿ 'ಚಂದಮಾಮ' ಇತ್ತು. ಮನೆಯಲ್ಲಿ ತರಿಸದಿದ್ದರೂ ಯಾರದೋ ಮನೆಯ ಜಗಲಿಯಲ್ಲಿ ಸಿಗುತ್ತಿತ್ತು. ಅದು ನಿಂತುಹೋಯಿತು. ಚಿತ್ರಪುಸ್ತಕ ಬಿಟ್ಟವರು ನೇರವಾಗಿ ದೊಡ್ಡವರ ಕಾದಂಬರಿಗೆ ಹಾರಬೇಕು. ಹೆಚ್ಚಿನವರು ಹಾರದೆ ಈಚೆಯಲ್ಲೇ ನಿಲ್ಲುತ್ತಾರೆ. ಕೈಗೆ ಮೊಬೈಲು ಬಂತು ಎಂದು ನಾವು ಬಯ್ಯುತ್ತೇವೆ. ಮೊಬೈಲು ಬರುವ ಮೊದಲು ಆ ಕೈ ಖಾಲಿ ಇತ್ತಲ್ಲ!

ಸಂತೋಷದ ಸಂಗತಿ ಎಂದರೆ, ಈ ನಡುವಿನ ತೆರಪಿಗೆ ಸರಿಹೊಂದುವ ಪುಸ್ತಕಗಳು ಕನ್ನಡದಲ್ಲಿ ಈಗ ಬರುತ್ತಿವೆ. ಸಾಹಿತ್ಯ ಅಕಾಡೆಮಿ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡಲು ಆರಂಭಿಸಿದ್ದು 2010ರಲ್ಲಿ. ಆ ಮೊದಲ ವರ್ಷವೇ ಕನ್ನಡದ ಬಹುಮಾನ ಬಂದದ್ದು ನಮ್ಮ ಪುತ್ತೂರಿನ ಬೊಳುವಾರಿನವರೇ ಆದ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕತೆ'ಗೆ. ಗಾಂಧೀಜಿಯ ಜೀವನವನ್ನು ಪಾಠದ ಧಾಟಿಯಲ್ಲಿ ಹೇಳದೆ ಮಕ್ಕಳ ಕಾದಂಬರಿಯಾಗಿ ಹೇಳಿದ ಪುಸ್ತಕ. 'ತಟ್ಟು ಚಪ್ಪಾಳೆ ಪುಟ್ಟ ಮಗು' ಎಂಬ ಶಿಶುಗೀತೆಗಳ ಸಂಗ್ರಹವನ್ನು ಒಟ್ಟುಮಾಡಿ ಕೊಟ್ಟವರೂ ಅವರೇ. ದೊಡ್ಡವರಿಗೆ ಮುತ್ತುಪ್ಪಾಡಿಯ ಕತೆಗಳನ್ನು ಬರೆದ ಲೇಖಕ ಮಕ್ಕಳ ಮುಂದೆ ಕೂತಾಗ ತನ್ನ ಘನತೆ ಕಡಿಮೆಯಾಯಿತು ಎಂದುಕೊಳ್ಳಲಿಲ್ಲ. ಕಾರಂತರ ಊರಿನ ಗುಣ ಇರಬೇಕು.

ಈಚೆಗಿನದು ಇನ್ನೂ ಗಮನಿಸಬೇಕಾದದ್ದು. 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'. ಒಂದರ ಹಿಂದೊಂದು ಮೂರು ವರ್ಷ ಕನ್ನಡದ ಬಹುಮಾನ ಮಕ್ಕಳ ಕಾದಂಬರಿಗಳಿಗೇ ಬಂತು. ಒಬ್ಬರು ಧಾರವಾಡದ ಕಡೆಯವರು, ಒಬ್ಬರು ಉತ್ತರ ಕನ್ನಡದ ಮಲೆನಾಡಿನವರು, ಒಬ್ಬರು ನಮ್ಮದೇ ಕರಾವಳಿಯ ಕುಂದಾಪುರದ ಕಡೆಯವರು. ಸೂರಕ್ಕಿ ಎಂದರೆ ದಾಸವಾಳದ ಹೂವಿಗೆ ಕೊಕ್ಕು ತೂರಿಸಿ ಮಕರಂದ ಹೀರುವ ಪುಟ್ಟ ಹಕ್ಕಿ. ನಮ್ಮ ಅಂಗಳದಲ್ಲಿಯೂ ದಿನಾ ಬರುವಂಥದ್ದೇ. ಇವುಗಳ ಜತೆಗೆ ಇತ್ತೀಚೆಗೆ ನಮ್ಮನ್ನು ಅಗಲಿದ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಕಾದಂಬರಿಯನ್ನೂ ಸೇರಿಸಿಕೊಳ್ಳಿ. ಅಣೆಕಟ್ಟಿನ ನೀರಿಗೆ ಊರು ಹೋದವರ ಸಂಕಟವನ್ನು ಬಾಳಿನುದ್ದಕ್ಕೂ ಬರೆದ ಅವರು ಮಕ್ಕಳಿಗೆ ಅದನ್ನು ಹೇಳದೆ ಬಚ್ಚಿಡಬೇಕೆಂದು ತಿಳಿಯಲಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಇವುಗಳಲ್ಲಿ ಏನುಂಟು?

ಸುಳ್ಯದ ಹತ್ತಿರ ನನಗೆ ಪರಿಚಯದ ಒಂದು ಮನೆಯಿದೆ. ಆಟಿ ತಿಂಗಳ ಮಳೆಗೆ ಅಲ್ಲಿ ಕರೆಂಟು ಹೋದರೆ ಎರಡು ಮೂರು ದಿನ ಬರುವುದಿಲ್ಲ. ಟಿ.ವಿ. ಇಲ್ಲ, ಮೊಬೈಲಿನ ಚಾರ್ಜು ಮುಗಿದಿದೆ. ಏಳನೇ ಕ್ಲಾಸಿನ ಮೊಮ್ಮಗಳು ಚಿಮಿಣಿ ದೀಪದ ಹತ್ತಿರ ಕೂತು ಮಕ್ಕಳ ಕಾದಂಬರಿಯೊಂದನ್ನು ಗಟ್ಟಿಯಾಗಿ ಓದಲು ಸುರುಮಾಡಿದಳಂತೆ. ಅಜ್ಜಿಗೆ ಅಕ್ಷರ ಬಾರದು, ಮನೆಯ ಮಾತು ಅರೆಭಾಷೆ. ಮೊದಲ ದಿನ ಅಜ್ಜಿ ತಲೆದಿಂಬಿಗೆ ಒರಗಿ ಕೇಳಿಸಿಕೊಂಡದ್ದಷ್ಟೆ. ಎರಡನೆಯ ದಿನ ಕತೆಯ ಹುಡುಗ ಮನೆಯಿಂದ ಹಣ ಕದ್ದ. ಅಜ್ಜಿ ಎದ್ದು ಕೂತರು. "ಅವನಿಗೆ ನಾಲ್ಕು ಬಿಗಿಯಬೇಕು" ಎಂದರು. ಮೊಮ್ಮಗಳು, "ಅವನು ಯಾಕೆ ಕದ್ದದ್ದು ಗೊತ್ತುಂಟಾ ಅಜ್ಜಿ? ನೀವು ಪೂರ್ತಿ ಕೇಳಿ" ಎಂದಳು. ಆ ರಾತ್ರಿ ಇಬ್ಬರಿಗೂ ಜಗಳ. ಕದ್ದದ್ದು ತಪ್ಪು ಎಂದು ಅಜ್ಜಿ. ತಪ್ಪು ಹೌದು, ಆದರೆ ಅವನಿಗೆ ಬೇರೆ ದಾರಿ ಇರಲಿಲ್ಲ ಎಂದು ಮೊಮ್ಮಗಳು. ಮೂರನೆಯ ದಿನ ಸಂಜೆ ಕರೆಂಟು ಬಂತು. ಟಿ.ವಿ. ಹಾಕಲು ಹೋದ ಮಗನನ್ನು ಅಜ್ಜಿಯೇ ತಡೆದರು: "ಆ ಹುಡುಗನ ಕತೆ ಏನಾಯಿತು, ಅದು ಆಗಲಿ ಮೊದಲು."

ಪ್ರಶ್ನೋತ್ತರದ ಪುಸ್ತಕ ಹಿಡಿದು ಅಜ್ಜಿ ಮೊಮ್ಮಗಳು ಮೂರು ರಾತ್ರಿ ಜಗಳವಾಡಿದ್ದನ್ನು ನಾನು ಎಲ್ಲಿಯೂ ಕೇಳಿಲ್ಲ. ಅದರಲ್ಲಿ ಪ್ರತಿ ಪ್ರಶ್ನೆಗೂ ಒಂದೇ ಉತ್ತರ, ಅದೂ ಕೆಳಗೆ ತಲೆಕೆಳಗಾಗಿ ಅಚ್ಚಾಗಿರುತ್ತದೆ. ಕಾದಂಬರಿಯಲ್ಲಿ ಒಬ್ಬ ಹುಡುಗ ಯಾಕೆ ಹೆದರಿದ, ಯಾಕೆ ಸುಳ್ಳು ಹೇಳಿದ, ಸ್ನೇಹಿತ ಕೈಕೊಟ್ಟಾಗ ಏನು ಮಾಡಿದ ಎಂದು ನಾಲ್ಕು ದಿನ ಅವನ ಜತೆ ಇದ್ದು ನೋಡಬೇಕಾಗುತ್ತದೆ. ಅದನ್ನು ಓದಿದರೆ ಅಂಕ ಹೆಚ್ಚು ಬರುತ್ತದೆ ಎಂದು ನಾನು ಮಾತು ಕೊಡಲಾರೆ. ಉದ್ದದ ವಾಕ್ಯವನ್ನು ತಾಳ್ಮೆಯಿಂದ ಕೊನೆಯವರೆಗೆ ಓದುವ ಅಭ್ಯಾಸವಾದವರಿಗೆ ಪ್ರಶ್ನೆಪತ್ರಿಕೆಯ ಪ್ರಶ್ನೆಯೂ ಸರಿಯಾಗಿ ಅರ್ಥವಾದೀತು, ಅಷ್ಟೆ. ಆದರೆ ಹಾಸ್ಟೆಲಿಗೆ ಹೋಗಿ ಮೊದಲ ವಾರ ರಾತ್ರಿ ನಿದ್ದೆ ಬಾರದ ಮಗುವಿಗೆ, ತನ್ನಂತೆಯೇ ನಿದ್ದೆ ಬಾರದ ಇನ್ನೊಬ್ಬನನ್ನು ಹಿಂದೆ ಪುಸ್ತಕದಲ್ಲಿ ಕಂಡಿದ್ದೇನೆ ಎಂಬುದು ಸಣ್ಣ ಸಂಗತಿಯಲ್ಲ.

ಸಿಗುವುದೆಲ್ಲಿ ಎಂದು ಕೇಳುವಿರಿ. ಕೊಳ್ಳಬೇಕೆಂದೇ ಇಲ್ಲ. 2020ರ ನವೆಂಬರಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ 'ಓದುವ ಬೆಳಕು' ಎಂಬ ಕಾರ್ಯಕ್ರಮ ಆರಂಭಿಸಿ, ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಿಸಿತು. ಆ ಗ್ರಂಥಾಲಯಗಳೇ ಈಗ 'ಅರಿವು ಕೇಂದ್ರ'ಗಳು. ಮನೆ ತೆರಿಗೆಯ ರಶೀದಿ ಬಿಡಿಸಿ ನೋಡಿದರೆ ಗ್ರಂಥಾಲಯ ಕರ ಎಂದು ಒಂದು ಸಾಲು ಕಾಣಿಸೀತು. ಕೊಟ್ಟ ಕರಕ್ಕೆ ಪುಸ್ತಕ ಕೇಳಲು ಸಂಕೋಚ ಯಾಕೆ? ಬೇಕಾದ ಕಾದಂಬರಿಯ ಹೆಸರನ್ನು ಚೀಟಿಯಲ್ಲಿ ಬರೆದು ಗ್ರಂಥಪಾಲಕರಿಗೆ ಕೊಡಿ. ಪೇಪರು ಓದಲು ಬರುವ ಅಜ್ಜಂದಿರನ್ನು ಮಾತ್ರ ನೋಡಿ ಬೇಸರ ಬಂದ ಅವರಿಗೂ ಸಂತೋಷವಾದೀತು.

ಶಾಲೆಯ ಕಪಾಟಿನ ವಿಚಾರ ಬೇರೆ. ಒಂದು ಶಾಲೆಯಲ್ಲಿ, ಯಾವುದೆಂದು ಬೇಡ, ಚಂದದ ಮಕ್ಕಳ ಪುಸ್ತಕಗಳು ಗಾಜಿನ ಕಪಾಟಿನೊಳಗೆ ಸಾಲಾಗಿ ನಿಂತಿದ್ದವು. ಬೀಗ. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ ಗುರುತು ಕೂಡ ಇತ್ತು. ಕೇಳಿದರೆ, "ಕೊಟ್ಟರೆ ಹರಿದು ತರ್ತಾರೆ ಸರ್, ಸ್ಟಾಕ್ ರಿಜಿಸ್ಟರಿಗೆ ನಾವು ಉತ್ತರ ಹೇಳಬೇಕು" ಎಂದರು. ಅವರ ಭಯ ಸುಳ್ಳಲ್ಲ. ಹರಿದ ಪುಸ್ತಕಕ್ಕೆ ಅಧ್ಯಾಪಕರನ್ನು ಹೊಣೆ ಮಾಡದಂತೆ ಶಾಲಾಭಿವೃದ್ಧಿ ಸಮಿತಿಯ ಹೆತ್ತವರೇ ಒಂದು ನಿರ್ಣಯ ಮಾಡಿದರೆ ಆ ಬೀಗಕ್ಕೆ ಕೆಲಸ ಇರುವುದಿಲ್ಲ. ಹಾಗೆಯೇ ವಾರ್ಷಿಕೋತ್ಸವದಲ್ಲಿ ಓಟದಲ್ಲಿ ಗೆದ್ದವನಿಗೆ ಸ್ಟೀಲಿನ ಬಟ್ಟಲು, ಹಾಡಿದವಳಿಗೆ ಪ್ಲಾಸ್ಟಿಕ್ ಡಬ್ಬ ಕೊಡುವ ಬದಲು ಆ ಮಗುವಿಗೆ ಒಂದು ಕಾದಂಬರಿ ಕೊಡಲಿ. ಅಮ್ಮಂದಿರಿಗೆ ಬಟ್ಟಲು ಬೇಕಿದ್ದರೆ ಅಮ್ಮಂದಿರ ಓಟಕ್ಕೆ ಇಡಲಿ.

ನಮ್ಮ ಗಡಿಯ ಆಚೆ ಕೇರಳದಲ್ಲಿ ಮಕ್ಕಳ ಪುಸ್ತಕಗಳಿಗಾಗಿಯೇ 1981ರಿಂದ ಸರಕಾರದ ಬಾಲಸಾಹಿತ್ಯ ಸಂಸ್ಥೆ ಇದೆ. 'ತಳಿರ್' ಎಂಬ ಮಕ್ಕಳ ಪತ್ರಿಕೆಯನ್ನೂ ತರುತ್ತದೆ. ಸುಳ್ಯದಿಂದ ಸ್ವಲ್ಪ ಹೊತ್ತಿನ ಬಸ್ ಪ್ರಯಾಣದ ಆಚೆ ಅದು ಸಿಗುವಾಗ, ಕಾರಂತರು, ಪಂಜೆಯವರು ನಡೆದಾಡಿದ ಈಚೆಯ ನೆಲದಲ್ಲಿ ಇಂಥದ್ದೊಂದನ್ನು ಕೇಳುವುದು ಅತಿಯಾಸೆಯಾಗಲಾರದು.

ಅಂದು ಅಂಗಡಿಯಲ್ಲಿ ಆ ಹುಡುಗ ಇಟ್ಟುಹೋದ ಕಾದಂಬರಿಯನ್ನು ರೀಫಿಲ್ಲಿನ ಜತೆ ನಾನೇ ಕೊಂಡೆ. ಸವಣೂರು, ಕಾಣಿಯೂರು ದಾರಿಯ ಬಸ್ಸಿನಲ್ಲಿ ಓದಿದೆ. ನಾಲ್ಕನೆಯ ಪುಟ ಮುಗಿಯುವಾಗ ಕತೆಯ ಹುಡುಗಿ ಕತ್ತಲಲ್ಲಿ ಒಬ್ಬಳೇ ಹೊಳೆ ದಾಟಲು ನಿಂತಿರುತ್ತಾಳೆ. ಅವನ ಬೆರಳು ಇದ್ದದ್ದು ಅಲ್ಲಿಯೇ ಇರಬೇಕು. ಮರುವಾರ ಪುತ್ತೂರಿಗೆ ಹೋದಾಗ ಪುಸ್ತಕವನ್ನು ಅಂಗಡಿಯವರ ಕೈಯಲ್ಲಿ ಕೊಟ್ಟು, ಆ ತಾಯಿ ಮಗ ಪುನಃ ಬಂದರೆ ಕೊಡಿ, ಹಣ ಬೇಡ ಎಂದು ಹೇಳಿ ಬಂದಿದ್ದೇನೆ. ಮೊನ್ನೆ ಶನಿ­ವಾರ ವಿಚಾರಿಸಿದೆ. ಇನ್ನೂ ಬಂದಿಲ್ಲವಂತೆ.